ಕೈ ಭಾರ

ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಲೈನಿನ ಅರವತ್ತು ಹೆಂಗಸರಿಗೆ ಬಾತ್‌ರೂಮಿಗೆ ಹೋಗಲು ಇದ್ದದ್ದು ಒಂದೇ ಟೋಕನ್ನು. ಅದು ಸೂಪರ್‌ವೈಸರನ ಕೊರಳಲ್ಲಿ ಪದಕದ ಹಾಗೆ ತೂಗುತ್ತಿತ್ತು. ಕಾಲರ್ ಹೊಲಿಯುವ ಬಸುರಿಯೊಬ್ಬಳು ಕೇಳಿ ಕೇಳಿ ಸೋತು, ಮೆಷಿನ್ನಿನ ಮುಂದೆಯೇ ಸೀರೆ ಒದ್ದೆ ಮಾಡಿಕೊಂಡ ದಿನ, ಟೋಕನ್ನು ತೆಗೆಯಿರಿ ಎಂದು ಎಲ್ಲರೂ ಸೇರಿ ಅರ್ಜಿ ಕೊಟ್ಟರು.

ಮ್ಯಾನೇಜರು ಅರ್ಜಿ ಓದಿ, ಸಮ್ಮೋಹನ ಮಾಡುವವನೊಬ್ಬನನ್ನು ಕರೆಸಿದ.

"ತೊಂದರೆ ಬಾತ್‌ರೂಮಿಂದಲ್ಲಮ್ಮ, ಟೆನ್ಷನ್ನಿಂದ. ಇವರು ಹತ್ತೇ ನಿಮಿಷದಲ್ಲಿ ಇಳಿಸ್ತಾರೆ. ಆಮೇಲೆ ಟಾರ್ಗೆಟ್ ತಾನಾಗೇ ಮುಗಿಯುತ್ತೆ."

"ತಡಕೊಳ್ಳೋದನ್ನೂ ಕಲಿಸ್ತಾರಾ ಸಾರ್?" ಎಂದಳು ತೋಳು ಹೊಲಿಯುವ ಚಿಕ್ಕತಾಯಮ್ಮ. ಇಡೀ ಲೈನು ನಕ್ಕಿತು.

ಬಂದವನು ಮೊಬೈಲಿನಲ್ಲಿ ಕೊಳಲಿನ ಸಂಗೀತ ಹಾಕಿ, ಜೇನು ಸುರಿಯುವ ದನಿಯಲ್ಲಿ ಹೇಳಿದ: "ಕಣ್ಣು ಮುಚ್ಚಿ. ನಿಮ್ಮ ಕೈ ಕಲ್ಲಿನಷ್ಟು ಭಾರ ಆಗ್ತಾ ಇದೆ. ಎತ್ತಬೇಕು ಅಂದ್ರೂ ಎತ್ತೋಕಾಗಲ್ಲ."

ಅರವತ್ತು ಜೋಡಿ ಕೈಗಳು ಮಡಿಲಿಗೆ ಬಿದ್ದವು. ಮ್ಯಾನೇಜರು ಹೆಡ್ ಆಫೀಸಿಗೆ ಕಳಿಸಲು ಫೋಟೋ ತೆಗೆದುಕೊಂಡ.

"ಈಗ ಐದರವರೆಗೆ ಎಣಿಸ್ತೀನಿ. ಕೈ ಹಗುರ, ಮನಸ್ಸು ಹಗುರ."

ಐದಾಯಿತು. ಒಂದು ಕೈಯೂ ಏಳಲಿಲ್ಲ. ಮತ್ತೆ ಎಣಿಸಿದ. ಹತ್ತಾಯಿತು, ಇಪ್ಪತ್ತಾಯಿತು. ಹೊರಗೆ ಮಾಲು ತುಂಬಲು ಬಂದ ಲಾರಿ ಹಾರನ್ ಹೊಡೆಯುತ್ತಿತ್ತು.

"ಎಬ್ಬಿಸಯ್ಯ ಇವರನ್ನ," ಮ್ಯಾನೇಜರು ಹಲ್ಲು ಕಡಿದ.

"ಹೀಗೆ ಯಾವತ್ತೂ ಆಗಿಲ್ಲ ಸಾರ್." ಅವನ ದನಿಯ ಜೇನು ಒಣಗಿತ್ತು.

ಚಿಕ್ಕತಾಯಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನಿಮ್ಮ ವಿದ್ಯೆ ಚೆನ್ನಾಗೇ ಹತ್ತೈತೆ ಸಾರ್, ಎಣಿಸಿದ್ರೆ ಇಳಿಯಲ್ಲ. ಆ ಟೋಕನ್ನು ಕಸದ ಬುಟ್ಟಿಗೆ ಬಿದ್ದ ಸದ್ದು ಕೇಳಿದ್ರೆ ಇಳೀಬೋದು."