ಗುಳ್ಳೆ ಬಂತಾ?

"ಬಂತೇನೇ?" ಎಂದು ಪ್ರೊಫೆಸರು ತಲೆಯೆತ್ತಿ ಕೂಗಿಬಿಟ್ಟರು. ಆಮೇಲೆ ಹೊಳೆಯಿತು, ಮೇಲೆ ಯಾರೂ ಇಲ್ಲ. ಲ್ಯಾಬಿನ ಎರಡು ಮಹಡಿ ಎತ್ತರದ ಗಾಜಿನ ಕೊಳವೆಯಲ್ಲಿ ಅವರು ಕೆಳಗಿನಿಂದ ಬಿಟ್ಟ ಗಾಳಿಯ ಗುಳ್ಳೆ, ನೀರನ್ನು ಸೀಳಿಕೊಂಡು ಏರಿ, ಯಾರ ಕಣ್ಣಿಗೂ ಬೀಳದೆ ಒಡೆದುಹೋಯಿತು.

ನೀರೂ ಗಾಳಿಯೂ ಒಟ್ಟಿಗೆ ಹರಿಯುವ ಈ ಪಾಠಕ್ಕೆ ಇಬ್ಬರು ಬೇಕು. ಕೆಳಗೊಬ್ಬರು ವಾಲ್ವ್ ತಿರುಗಿಸಿ ಸ್ಟಾಪ್‌ವಾಚ್ ಒತ್ತಬೇಕು, ಗುಳ್ಳೆ ತುದಿ ಮುಟ್ಟಿದ ಕೂಡಲೇ ಮೇಲೊಬ್ಬರು ಕೂಗಬೇಕು. ಮೇಲೆ ನಿಲ್ಲುತ್ತಿದ್ದುದು ಅದೇ ವಿಭಾಗದಲ್ಲಿ ಪಾಠ ಮಾಡುತ್ತಿದ್ದ ಅವರ ಹೆಂಡತಿ. "ಬಂತು ಕಣ್ರೀ, ಗಂಟಲು ಹರ್ಕೋಬೇಡಿ!" ಎಂದು ಆಕೆ ರೇಗಿದರೆ ತರಗತಿಗೆ ತರಗತಿಯೇ ಗೊಳ್ಳೆಂದು ನಗುತ್ತಿತ್ತು. ಆಕೆ ತೀರಿಕೊಂಡ ಮೇಲೆ ಇದು ಮೊದಲ ಬ್ಯಾಚು. ಮೇಲಕ್ಕೆ ಯಾರನ್ನಾದರೂ ಕಳಿಸಬೇಕೆಂಬುದೇ ಅವರಿಗೆ ತೋಚಿರಲಿಲ್ಲ.

"ಮೇಲೆ ಯಾರಿದಾರೆ ಸರ್?" ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಕೇಳಿದಳು.

"ನಾನೇ ಹೋಗ್ತೀನಿ. ನೀನು ಗಾಳಿ ಬಿಡಮ್ಮ," ಎಂದು ಸ್ಟಾಪ್‌ವಾಚನ್ನು ಅವಳ ಕೈಗಿಟ್ಟು ಮೆಟ್ಟಿಲು ಹತ್ತಿದರು.

ಆಕೆ ನಿಲ್ಲುತ್ತಿದ್ದ ಜಾಗದಿಂದ ಬಗ್ಗಿ ನೋಡಿದರೆ, ವಾಲ್ವ್ ಹಿಡಿದವರ ನೆತ್ತಿ ನೇರವಾಗಿ ಕಾಣುತ್ತಿತ್ತು. ಅಂದರೆ ಇಷ್ಟು ವರ್ಷವೂ ಆಕೆ ತಮ್ಮ ಬೋಳುತಲೆಯನ್ನೇ ನೋಡುತ್ತಾ ನಿಂತಿದ್ದಳು. ಗುಳ್ಳೆ ದುಂಡುತಲೆ ಎತ್ತಿಕೊಂಡು ಬಂದು ಅವರ ಕಣ್ಣೆದುರೇ ಒಡೆಯಿತು.

"ಬಂತಾ ಸರ್?"

"ಬಂತು ಕಣ್ರೀ," ಎಂದರು ಅವರು, "ಗಂಟಲು ಹರ್ಕೋಬೇಡಿ."

ಕೆಳಗೆ ಯಾರೂ ನಗಲಿಲ್ಲ. ಒಂದು ಸಣ್ಣ ದನಿ ಮಾತ್ರ ಬಂತು:

"ಸಾರಿ ಸರ್."