ಹೊಂಬಾಳಮ್ಮನ ಬಂಗು

ಹೊಂಬಾಳಮ್ಮ ಹೆರಿಗೆ ವಾರ್ಡಿನ ಬಾಗಿಲಿಗೆ ಮೂರನೇ ಸಲ ಮುಖ ಒಡ್ಡಿದಳು. ಬಾಗಿಲು ಮತ್ತೆ "ಗುರುತು ಸಿಗುತ್ತಿಲ್ಲ" ಎಂದಿತು. ಬೆರಳಚ್ಚಿನ ಕಾಲ ಹೋಗಿ, ಮುಖದ ಮಚ್ಚೆ ಬಂಗುಗಳೇ ಎಲ್ಲರ ಗುರುತಾಗಿ ಆರು ವರ್ಷವಾಗಿತ್ತು. ಒಳಗೆ ಮಗಳು ಬೆಳಗ್ಗೆಯಿಂದ ನೋವು ತಿನ್ನುತ್ತಿದ್ದಳು.

"ಕೆನ್ನೆ ಮೇಲಿನ ಬಂಗು ಏನಾಯ್ತಮ್ಮ?" ಎಂದು ಕೇಳಿದಳು ಕಾವಲಿನವಳು.

"ಹಿಪ್ಪುನೇರಳೆ ಬೇರು, ಜೇಷ್ಠಮಧು ಸೇರಿಸಿ ರಸ ಹಚ್ಚಿದ್ದೆ. ಹೋಯ್ತು. ಮೊಮ್ಮಗು ಬರೋ ಹೊತ್ತಿಗೆ ಮುಖ ನೆಟ್ಟಗಿರಲಿ ಅಂದ್ಕೊಂಡಿದ್ದು ತಪ್ಪಾ?"

"ಹೊಸ ಮುಖ ನೋಂದಾಯಿಸ್ಬೇಕು. ನಲವತ್ತು ದಿನ ಆಗುತ್ತೆ."

"ಅಷ್ಟೊತ್ತಿಗೆ ಕೂಸಿಗೆ ನಾಮಕರಣವೇ ಆಗಿರುತ್ತೆ ಕಣವ್ವಾ!"

ಗಂಡಸರನ್ನು ಒಳಗೆ ಬಿಡದ ಕಾರಣ ಬೆಂಚಿನ ಮೇಲೆ ಕೂತಿದ್ದ ಗಂಡ ಚಿಕ್ಕಲಿಂಗಯ್ಯ ಎದ್ದು ಬಂದು, ಕಾವಲಿನವಳ ಹತ್ತಿರ ಹುಬ್ಬಿನ ಪೆನ್ಸಿಲ್ ಕೇಳಿ ಪಡೆದ.

"ಹಳೇ ಫೋಟೋ ನೋಡ್ಕೊಂಡಾದ್ರೂ ಬರೀರಿ," ಎಂದು ಹೊಂಬಾಳಮ್ಮ ಸಿಡುಕಿದಳು.

"ಯಾಕೆ? ಮಗಳು ಹುಟ್ಟಿದಾಗ ಬಂದ ಬಂಗು, ಅವತ್ತಿಂದ ನಾನು ನೋಡ್ತಾ ಇಲ್ವಾ? ಅಲ್ಲಾಡಬೇಡ."

ಎರಡೂ ಕೆನ್ನೆಯ ಮೇಲೆ ಅವನು ಮೆಲ್ಲಗೆ ತೀಡಿದ. ಮೂಗಿನ ಪಕ್ಕ ಒಂದು ಸಣ್ಣ ಚುಕ್ಕೆಯನ್ನೂ ಇಟ್ಟ. ಅಂಥದ್ದೊಂದು ಇತ್ತೆಂಬುದು ಅವಳಿಗೇ ನೆನಪಿರಲಿಲ್ಲ.

ಬಾಗಿಲು ತೆರೆಯಿತು. ಹೊಂಬಾಳಮ್ಮನ ಕಣ್ಣು ತುಂಬಿ ಬಂತು. ಬಣ್ಣ ಅಳಿಸೀತೆಂದು ಒರೆಸಿಕೊಳ್ಳಲೂ ಹೆದರುತ್ತ ಅವಳು ಒಳಗೆ ಓಡಿದಳು.