ಹವಳಕ್ಕೆ ಅಂಟಿ ಬಂದವಳು

ಅಂಗಡಿಯಿಂದ ತಂದ ಹೊಸ ಜೀವಂತ ಹವಳವನ್ನು ಉಪ್ಪುನೀರಿನ ಅಕ್ವೇರಿಯಂಗೆ ಬಿಡುವ ಮೊದಲು ಔಷಧಿ ನೀರಿನಲ್ಲಿ ಅದ್ದಿ ಅಲುಗಿಸಿದೆ. ಅಕ್ಕಿಕಾಳಿನಷ್ಟು ಹುಳವೊಂದು ಕಳಚಿ ಬಿತ್ತು.

"ಅಪ್ಪಾ, ಅದಕ್ಕೆ ಜೀವ ಇದೆ," ಎಂದಳು ಮಗಳು.

"ಇದ್ರೇನು? ಹವಳ ಬಿಟ್ಟು ಬೇರೇನೂ ತಿನ್ನಲ್ಲ ಇದು. ಒಳಗೆ ಸೇರಿದ್ರೆ ಎಲ್ಲಾ ಖಾಲಿ ಮಾಡುತ್ತೆ. ಸಿಂಕಿಗೆ ಸುರೀತೀನಿ."

"ಅದರ ಮನೆಯಿಂದ ನೀನೇ ತಾನೇ ಹೊರಗೆ ಹಾಕಿದ್ದು?"

ಅವಳು ಒಂದು ಲೋಟಕ್ಕೆ ಉಪ್ಪುನೀರು ತುಂಬಿ, ಹುಳವನ್ನು ಚಮಚದಲ್ಲಿ ಎತ್ತಿ ಬಿಟ್ಟುಕೊಂಡಳು. "ಇವಳ ಹೆಸರು ಚೆಲುವಿ."

ಹೆಸರಿಟ್ಟ ಮೇಲೆ ನನ್ನ ಮಾತು ನಡೆಯಲಿಲ್ಲ.

ಮರುದಿನ ಅಂಗಡಿಯವನು ಇನ್ನೊಂದು ಹವಳ ಎತ್ತಿ ತೋರಿಸಿದ. "ಈ ಸಲ ನಾನೇ ನೋಡಿದೀನಿ ಸಾರ್, ಒಂದು ಹುಳಾನೂ ಇಲ್ಲ."

"ಕೊಡಿ," ಎಂದೆ. "ಹುಳ ಮನೇಲಿದೆ. ಪಾಪ, ನಿನ್ನೆಯಿಂದ ಏನೂ ತಿಂದಿಲ್ಲ."